ಹಾರಿ ಹೋಗಬಲ್ಲ ಹಕ್ಕಿಯ ಪಾಠ

ಐರ್ಲೆಂಡಿನ ಪಶ್ಚಿಮಕ್ಕೆ, ಮೇಯೋ ಕೌಂಟಿಯ ಕಾಂಗ್ ಎಂಬ ಹಳ್ಳಿಯ ಅಂಚಿನಲ್ಲಿ ಆಶ್‌ಫರ್ಡ್ ಕೋಟೆಯಿದೆ. ಹದಿಮೂರನೆಯ ಶತಮಾನದಲ್ಲಿ ಶುರುವಾದ ಈ ಕಟ್ಟಡ ಈಗ ದುಬಾರಿ ಹೋಟೆಲು. ಅದರ ಆವರಣದ ಕಾಡಿನಲ್ಲಿ 1999ರಿಂದ ಒಂದು ಫಾಲ್ಕನ್ರಿ ಶಾಲೆ, ಅಂದರೆ ಗಿಡುಗ, ಡೇಗೆಗಳಂಥ ಬೇಟೆಹಕ್ಕಿಗಳನ್ನು ಪಳಗಿಸಿ ಹಾರಿಸುವ ವಿದ್ಯೆಯ ಶಾಲೆ, ನಡೆಯುತ್ತಿದೆ. ಗಾಲ್ವೇ ನಗರದಿಂದ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಡಬ್ಲಿನ್‌ನಲ್ಲಿರುವವರೂ ಬೆಳಿಗ್ಗೆ ಬೇಗ ಹೊರಟರೆ ರಾತ್ರಿಯೊಳಗೆ ಮನೆ ಸೇರಬಹುದು. ಹೆಸರು ಬರೆಸಿದವರ ಎಡಗೈಗೆ ದಪ್ಪ ಚರ್ಮದ ಗವಸು ತೊಡಿಸುತ್ತಾರೆ. ಜೊತೆಗೊಬ್ಬ ಶಿಕ್ಷಕರು, ಒಂದು ಹ್ಯಾರಿಸ್ ಗಿಡುಗ. ಕಾಡಿನ ದಾರಿಯಲ್ಲಿ ಮನುಷ್ಯರು ನಡೆಯುತ್ತಾರೆ, ಗಿಡುಗ ಮರದಿಂದ ಮರಕ್ಕೆ ಹಾರುತ್ತ ಅವರನ್ನು ಹಿಂಬಾಲಿಸುತ್ತದೆ. ಗವಸಿನ ಮೇಲೆ ಮಾಂಸದ ಚೂರಿಟ್ಟು ಕೈ ಚಾಚಿದರೆ ಇಳಿದು ಬಂದು ಕೂರುತ್ತದೆ, ತಿನ್ನುತ್ತದೆ, ಮತ್ತೆ ಹಾರುತ್ತದೆ. ಬ್ರಿಟನ್ನಿನಲ್ಲೂ ಇಂಥ ಕೇಂದ್ರಗಳು ಹಲವಿವೆ. ಅರ್ಧ ದಿನದ ಪಾಠ, ಇಡೀ ದಿನದ ಪಾಠ ಎಂದು ಅಲ್ಲಿ ವಿಂಗಡಣೆಯೂ ಇದೆ.

ಇದನ್ನು ಕಂಡವರಲ್ಲಿ ಎರಡು ಗುಂಪುಗಳಿವೆ. ರಾಜಮಹಾರಾಜರ ಕಾಲದ ವೈಭವವನ್ನು ಒಂದು ಮಧ್ಯಾಹ್ನದ ಮಟ್ಟಿಗೆ ಅನುಭವಿಸಿ ಬರುವ ಉತ್ಸಾಹ ಮೊದಲ ಗುಂಪಿನದು. ಕಾಡುಹಕ್ಕಿಯನ್ನು ಹಸಿವಿನಿಂದ ಬಗ್ಗಿಸಿ ದುಡ್ಡು ಮಾಡುವ ಸರ್ಕಸ್ ಇದು ಎಂಬುದು ಎರಡನೆಯದರ ಸಿಟ್ಟು. ಎರಡನೆಯವರ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ಒಂದು ದಿನ ಮೀಸಲಿಟ್ಟು ಈ ಪಾಠ ಕಲಿತು ಬರುವುದು ಸಾರ್ಥಕ ಎಂದು ವಾದಿಸಲು ಗಟ್ಟಿಯಾದ ಕಾರಣಗಳಿವೆ. ಅದಕ್ಕೊಂದು ಷರತ್ತು ಮಾತ್ರ ಇದೆ: ಆ ಹಕ್ಕಿಗೆ ಹಾರಿ ಹೋಗುವ ದಾರಿ ತೆರೆದಿರಬೇಕು, ಬರಲೊಲ್ಲೆ ಎನ್ನುವ ಹಕ್ಕು ಅದಕ್ಕಿರಬೇಕು. ಈ ಷರತ್ತನ್ನು ಕಟ್ಟುನಿಟ್ಟಾಗಿ ಅನ್ವಯಿಸಿದರೆ ಇದೇ ಹೆಸರಿನಲ್ಲಿ ಪ್ರವಾಸಿಗರಿಗೆ ಮಾರುವ ಎಷ್ಟೋ ಮನರಂಜನೆಗಳು ಬಿದ್ದುಹೋಗುತ್ತವೆ. ಬಿದ್ದುಹೋಗಬೇಕಾದವೇ ಅವು.

ಪಾಠ ನಿಜವಾಗಿ ಶುರುವಾಗುವುದು ತಕ್ಕಡಿಯ ಬಳಿ. ಪ್ರತಿದಿನ ಬೆಳಿಗ್ಗೆ ಹಕ್ಕಿಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಗಂಡು ಹ್ಯಾರಿಸ್ ಗಿಡುಗ ಹೆಚ್ಚುಕಡಿಮೆ ಆರೇಳುನೂರು ಗ್ರಾಂ ತೂಗುತ್ತದೆ. ಹೆಣ್ಣು ಅದಕ್ಕಿಂತ ದೊಡ್ಡದು, ಒಂದು ಕಿಲೋದ ಆಸುಪಾಸು. ಪ್ರತಿ ಹಕ್ಕಿಗೂ ಅದರದೇ ಆದ ಹಾರುವ ತೂಕ ಎಂಬುದೊಂದಿರುತ್ತದೆ. ಅದಕ್ಕಿಂತ ಇಪ್ಪತ್ತು ಮೂವತ್ತು ಗ್ರಾಂ ಹೆಚ್ಚಾದರೆ ಹಕ್ಕಿ ಮರದ ತುದಿಯಲ್ಲಿ ಕೂತು ಗವಸಿನ ಕಡೆ ತಿರುಗಿಯೂ ನೋಡದೆ ಇರಬಹುದು. ಕಡಿಮೆಯಾದರೆ ಬಲಗುಂದುತ್ತದೆ, ಕಿರುಚುತ್ತದೆ, ಮುಂಗೋಪಿಯಾಗುತ್ತದೆ. ಚಳಿ ಹೆಚ್ಚಿದ ದಿನ ಅದೇ ಹಕ್ಕಿಗೆ ಹೆಚ್ಚು ಆಹಾರ ಬೇಕು. ಅನುಭವಿಗಳು ತಕ್ಕಡಿಯೊಂದನ್ನೇ ನಂಬುವುದಿಲ್ಲ, ಹಕ್ಕಿಯ ಎದೆಮೂಳೆಯ ಎರಡೂ ಬದಿಯ ಮಾಂಸಖಂಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಮೂಳೆ ಚೂಪಾಗಿ ಸಿಕ್ಕಿತೋ, ಆ ಹಕ್ಕಿಗೆ ಆ ದಿನ ಕೆಲಸವಿಲ್ಲ, ಊಟ ಮಾತ್ರ.

ಹಸಿವಿನ ಆಕ್ಷೇಪಕ್ಕೆ ಉತ್ತರ ಇಲ್ಲಿದೆ, ಮತ್ತು ಆ ಉತ್ತರಕ್ಕೊಂದು ಮಿತಿಯೂ ಇದೆ. ಕಾಡಿನ ಗಿಡುಗವೂ ಹೊಟ್ಟೆ ತುಂಬಿದಾಗ ಹಾರಾಟಕ್ಕೆ ಶಕ್ತಿ ಖರ್ಚು ಮಾಡುವುದಿಲ್ಲ, ಕೊಂಬೆಯ ಮೇಲೆ ತೆಪ್ಪಗೆ ಕೂತಿರುತ್ತದೆ. ಬೇಟೆಯಾಡಿ ಬದುಕುವ ಹಕ್ಕಿಗಳ ಮರಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ವರ್ಷ ದಾಟುವುದಿಲ್ಲ; ಬೇಟೆ ಸಿಗದೆ ಸಾಯುವವೇ ಅವುಗಳಲ್ಲಿ ಬಹಳ. ಸರಿಯಾದ ಆರೈಕೆಯಲ್ಲಿ ಹ್ಯಾರಿಸ್ ಗಿಡುಗ ಇಪ್ಪತ್ತು ವರ್ಷ ದಾಟಿ ಬದುಕುವುದುಂಟು. ಆದರೆ ಹಸಿವು ಎಂಬುದು ಹಕ್ಕಿಗೆ ಸಹಜ ಸ್ಥಿತಿ ಎಂದ ಮಾತ್ರಕ್ಕೆ ಅದನ್ನು ಮನುಷ್ಯ ತನಗೆ ಬೇಕಾದಂತೆ ಜಗ್ಗಾಡಬಹುದು ಎಂದಾಗುವುದಿಲ್ಲ. ದಿನಕ್ಕೆ ಎಂಟು ತಂಡ ಪ್ರವಾಸಿಗರು ಬಂದರೆಂದು ಎಂಟು ಸಲವೂ ಒಂದೇ ಹಕ್ಕಿ ಹಸಿದಿರಬೇಕು ಎಂದು ಬಯಸುವ ವ್ಯಾಪಾರಿಯ ಕೈಯಲ್ಲಿ ಅದೇ ತಕ್ಕಡಿ ಕ್ರೌರ್ಯದ ಸಾಧನ. ಕಲಿಯಲು ಹೋದವರು ತೂಕದ ಪುಸ್ತಕ ತೋರಿಸಿ ಎಂದು ಕೇಳಬಹುದು. ವೃತ್ತಿಯ ಬಗ್ಗೆ ಹೆಮ್ಮೆಯಿರುವ ಶಿಕ್ಷಕರು ಸಂತೋಷದಿಂದಲೇ ತೋರಿಸುತ್ತಾರೆ.

ಗವಸಿನ ಮೇಲೆ ಗಿಡುಗ ಬಂದಿಳಿಯುವ ಗಳಿಗೆಯೇ ಈ ದಿನದ ಮುಖ್ಯ ಆಕರ್ಷಣೆ. ಆ ಗಳಿಗೆಯಲ್ಲಿ ನೋಡಬೇಕಾದ್ದು ಬಹಳವಿದೆ. ಹಕ್ಕಿ ಮೇಲಿನಿಂದ ನೇರವಾಗಿ ಧುಮುಕುವುದಿಲ್ಲ. ಕೊಂಬೆ ಬಿಟ್ಟೊಡನೆ ಕೆಳಕ್ಕೆ ಜಾರಿ, ನೆಲದಿಂದ ಸೊಂಟದೆತ್ತರದಲ್ಲಿ ತೇಲಿ ಬಂದು, ಕೊನೆಯ ಎರಡು ಗಜದಲ್ಲಿ ಮೇಲಕ್ಕೇರಿ ವೇಗವನ್ನು ಕಳೆದುಕೊಳ್ಳುತ್ತದೆ. ಆಗ ಬಾಲ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ, ಹಳದಿ ಕಾಲುಗಳು ಮುಂದಕ್ಕೆ ಚಾಚುತ್ತವೆ. ಇಳಿದದ್ದರ ಭಾರ ಎಣಿಸಿದ್ದಕ್ಕಿಂತ ಕಡಿಮೆ. ಹಿಡಿತ ಮಾತ್ರ ಎಣಿಸಿದ್ದಕ್ಕಿಂತ ಬಹಳ ಹೆಚ್ಚು. ಹಿಂಬೆರಳಿನ ಉಗುರು ಚರ್ಮದ ಮೂಲಕವೂ ಗೊತ್ತಾಗುತ್ತದೆ. ಮಾಂಸ ಸಿಕ್ಕಿದೊಡನೆ ಹಕ್ಕಿ ರೆಕ್ಕೆಗಳನ್ನು ಅರೆಬಿಚ್ಚಿ ಅದರ ಮೇಲೆ ಮರೆ ಕಟ್ಟುತ್ತದೆ, ಯಾರಾದರೂ ಕಿತ್ತುಕೊಂಡಾರೆಂಬ ಎಚ್ಚರದಿಂದ. ತಿಂದಾದ ಮೇಲೆ ಕೊಕ್ಕಿನ ಎರಡೂ ಬದಿಯನ್ನು ಗವಸಿಗೆ ಉಜ್ಜಿ ಒರೆಸಿಕೊಳ್ಳುತ್ತದೆ. ಮೈಯ ಗರಿಗಳನ್ನೆಲ್ಲ ಉಬ್ಬಿಸಿ ಒಮ್ಮೆ ಜೋರಾಗಿ ಕೊಡವಿಕೊಂಡರೆ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಸೆಳೆದುಕೊಂಡು ನಿಂತರೆ, ಅದಕ್ಕೆ ಭಯವಿಲ್ಲ ಎಂದು ಅರ್ಥ. ಗರಿಗಳು ಮೈಗೆ ಒತ್ತಿಕೊಂಡು ಹಕ್ಕಿ ಸಣ್ಣಗೆ, ಉದ್ದಕ್ಕೆ ಕಂಡರೆ ಅದು ಹೆದರಿದೆ. ಕೈಯಿಂದ ಥಟ್ಟನೆ ಹಾರಲು ಹೋಗಿ ಕಾಲಿನ ಪಟ್ಟಿಯಿಂದ ತಲೆಕೆಳಗಾಗಿ ನೇತಾಡಿದರೆ, ಗಾಬರಿಬೀಳದೆ ಅಂಗೈಯಿಂದ ಮೆಲ್ಲಗೆ ಎತ್ತಿ ಮತ್ತೆ ಗವಸಿನ ಮೇಲೆ ಕೂರಿಸಬೇಕು. ಇಷ್ಟನ್ನು ಕಲಿತವರು ಊರಿಗೆ ಮರಳಿ ಟೆಲಿಫೋನ್ ತಂತಿಯ ಮೇಲೆ ಕೂತ ಬಿಳಿಗಿಡುಗವನ್ನು ನೋಡಿದರೂ ಅದರ ಮನಸ್ಥಿತಿಯನ್ನು ಓದಲು ತೊಡಗುತ್ತಾರೆ.

ಹಕ್ಕಿ ಮರಳಿ ಬಂದದ್ದನ್ನು ಪ್ರೀತಿ ಎಂದುಕೊಳ್ಳುವುದು ಕಲಿಯಲು ಬಂದವರಿಗೆಲ್ಲ ಸಹಜ. ಒಳ್ಳೆಯ ಶಿಕ್ಷಕರು ಮೊದಲ ಗಂಟೆಯಲ್ಲೇ ಆ ಭ್ರಮೆಯನ್ನು ಬಿಡಿಸುತ್ತಾರೆ. ನಾಯಿ ಸಾವಿರಾರು ವರ್ಷಗಳಿಂದ ಮನುಷ್ಯನ ಮೆಚ್ಚುಗೆಗಾಗಿ ಹಂಬಲಿಸುತ್ತ ಬಂದಿದೆ. ಗಿಡುಗಕ್ಕೆ ಯಜಮಾನ ಎಂಬ ಕಲ್ಪನೆಯೇ ಇಲ್ಲ, ಗದರಿಸಿದರೆ ಅದು ತಿದ್ದಿಕೊಳ್ಳುವುದಿಲ್ಲ, ದೂರವಾಗುತ್ತದೆ ಅಷ್ಟೆ. ಶಿಕ್ಷೆ ಎಂಬುದಕ್ಕೆ ಈ ವಿದ್ಯೆಯಲ್ಲಿ ಜಾಗವೇ ಇಲ್ಲ. ಈ ಮನುಷ್ಯನ ಬಳಿ ಅಪಾಯವಿಲ್ಲ, ಆಹಾರವಿದೆ ಎಂದು ಹಕ್ಕಿಗೆ ನೂರಾರು ಸಲ ಖಾತ್ರಿಯಾಗಬೇಕು. ಹ್ಯಾರಿಸ್ ಗಿಡುಗ ಇದರಲ್ಲಿ ಸ್ವಲ್ಪ ಬೇರೆ ಜಾತಿಯದು. ಅಮೆರಿಕದ ನೈಋತ್ಯದ ಮರುಭೂಮಿಯಿಂದ ಚಿಲಿ, ಅರ್ಜೆಂಟೀನಾದವರೆಗೆ ಇದರ ತವರು. ಹೆಚ್ಚಿನ ಗಿಡುಗಗಳು ಒಂಟಿಯಾಗಿ ಬೇಟೆಯಾಡಿದರೆ ಇವು ಕುಟುಂಬ ಸಮೇತ, ಗುಂಪುಗೂಡಿ ಮೊಲವನ್ನು ಅಟ್ಟುತ್ತವೆ. ಕೂರಲು ಕಳ್ಳಿಯ ತುದಿ ಸಾಲದಿದ್ದಾಗ ಒಂದರ ಬೆನ್ನ ಮೇಲೆ ಇನ್ನೊಂದು ನಿಲ್ಲುವುದೂ ಉಂಟು. ಜೊತೆಗಾರರೊಂದಿಗೆ ಕೆಲಸ ಮಾಡುವ ಸ್ವಭಾವ ಅದಕ್ಕೆ ಹುಟ್ಟಿನಿಂದಲೇ ಇರುವುದರಿಂದ ಅಪರಿಚಿತ ಪ್ರವಾಸಿಯ ಕೈಗೂ ಅದು ಹೆಚ್ಚು ಅಳುಕದೆ ಬರುತ್ತದೆ. ಒಂದು ದಿನದ ಪಾಠಕ್ಕೆ ಯುರೋಪಿನಾದ್ಯಂತ ಇದೇ ಹಕ್ಕಿಯನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಅದು.

ಗುರುವಿಲ್ಲದೆ ಈ ವಿದ್ಯೆಗೆ ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲಿಷ್ ಸಾಹಿತ್ಯದಲ್ಲೇ ಒಂದು ನೋವಿನ ದಾಖಲೆಯಿದೆ. ಲೇಖಕ ಟಿ.ಎಚ್. ವೈಟ್ 1936ರಲ್ಲಿ ಶಾಲೆಯ ಮೇಷ್ಟರ ಕೆಲಸ ಬಿಟ್ಟು, ಕಾಡಿನ ಕಾವಲುಗಾರನ ಹಳೆಯ ಮನೆಯೊಂದರಲ್ಲಿ ನೆಲೆಸಿ, ಜರ್ಮನಿಯಿಂದ ಗಾಸ್‌ಹಾಕ್ ಎಂಬ ದೊಡ್ಡ ಬಿಜ್ಜು ಜಾತಿಯ ಮರಿಯೊಂದನ್ನು ತರಿಸಿಕೊಂಡ. ಅವನಿಗಿದ್ದ ಮಾರ್ಗದರ್ಶಿ 1619ರಲ್ಲಿ ಅಚ್ಚಾದ ಒಂದು ಪುಸ್ತಕ. ಹಕ್ಕಿಯನ್ನು ರಾತ್ರಿಯಿಡೀ ಎಚ್ಚರವಾಗಿಟ್ಟು ದಣಿಸಿ ಪಳಗಿಸುವ, ಆ ಹೊತ್ತಿಗಾಗಲೇ ಬಳಕೆ ತಪ್ಪಿದ್ದ ಕ್ರಮವನ್ನು ಅವನು ಅನುಸರಿಸಿದ. ತಾನೂ ನಿದ್ದೆಗೆಟ್ಟ. ಹಕ್ಕಿ ಮುನಿಸಿಕೊಂಡಾಗಲೆಲ್ಲ ಮಮತೆಯಿಂದ ಅತಿಯಾಗಿ ತಿನ್ನಿಸಿದ. ಹೊಟ್ಟೆ ತುಂಬಿದ ಹಕ್ಕಿ ಮಾತು ಕೇಳದಾದಾಗ ಕುಗ್ಗಿಹೋದ. ಕಡೆಗೆ ಒಂದು ದಿನ ಕಟ್ಟಿದ್ದ ದಾರ ತುಂಡಾಗಿ ಹಕ್ಕಿ ಹೋಗಿಯೇಬಿಟ್ಟಿತು. ‘ದಿ ಗಾಸ್‌ಹಾಕ್’ ಎಂಬ ಹೆಸರಿನಲ್ಲಿ 1951ರಲ್ಲಿ ಬಂದ ಅವನ ಈ ಅನುಭವದ ಪುಸ್ತಕವನ್ನು ಹೆಲೆನ್ ಮ್ಯಾಕ್‌ಡೊನಾಲ್ಡ್ 2014ರ ‘ಎಚ್ ಈಸ್ ಫಾರ್ ಹಾಕ್’ನಲ್ಲಿ ಮತ್ತೆ ಓದಿ, ವೈಟ್‌ನ ತಪ್ಪುಗಳನ್ನು ಒಬ್ಬ ಅನುಭವಿಯ ಕಣ್ಣಿನಿಂದ ಬಿಡಿಸಿಟ್ಟಿದ್ದಾರೆ. ಒಳ್ಳೆಯ ಮನಸ್ಸು, ತೀವ್ರವಾದ ಹಂಬಲ, ಓದು ಎಲ್ಲವೂ ವೈಟ್‌ಗಿದ್ದವು. ಪಕ್ಕದಲ್ಲಿ ನಿಂತು ಮೊಣಕೈ ತಿದ್ದುವ ಒಬ್ಬ ಅನುಭವಿ ಮಾತ್ರ ಇರಲಿಲ್ಲ. ಒಂದು ದಿನದ ಪಾಠದಿಂದ ಯಾರೂ ಗಿಡುಗ ಪಳಗಿಸುವವರಾಗುವುದಿಲ್ಲ. ತಮಗೆ ಎಷ್ಟು ಗೊತ್ತಿಲ್ಲ ಎಂಬುದನ್ನಾದರೂ ಹಕ್ಕಿಯೊಂದರ ಜೀವ ಹೋಗುವ ಮೊದಲೇ ತಿಳಿಯುತ್ತಾರೆ.

ಬ್ರಿಟನ್ನಿನಲ್ಲಿ ಈ ತಿಳಿವಳಿಕೆ ಇನ್ನೂ ಅಗತ್ಯ. ಅಲ್ಲಿ ಸಾಕಣೆಯಲ್ಲಿ ಹುಟ್ಟಿದ ಹ್ಯಾರಿಸ್ ಗಿಡುಗವನ್ನು ಕೊಳ್ಳಲು ಪರೀಕ್ಷೆಯಿಲ್ಲ, ಪರವಾನಗಿಯೂ ಬೇಡ. ಅಮೆರಿಕದಲ್ಲಾದರೆ ಲಿಖಿತ ಪರೀಕ್ಷೆಯಲ್ಲಿ ಶೇ. 80 ಅಂಕ ಪಡೆಯಬೇಕು, ಅನುಭವಿಯೊಬ್ಬರ ಕೈಕೆಳಗೆ ಕನಿಷ್ಠ ಎರಡು ವರ್ಷ ಕಲಿಯಬೇಕು, ಹಕ್ಕಿಯ ಗೂಡನ್ನು ಅಧಿಕಾರಿಗಳು ಬಂದು ನೋಡಿ ಒಪ್ಪಬೇಕು. ಬ್ರಿಟನ್ ಈ ವಿಷಯದಲ್ಲಿ ಅಮೆರಿಕವನ್ನು ಅನುಸರಿಸಬೇಕಿತ್ತು. ಅದು ಆಗುವವರೆಗೆ, ಹುಮ್ಮಸ್ಸಿನಲ್ಲಿ ಹಕ್ಕಿ ಕೊಳ್ಳಲು ಹೊರಟವರನ್ನು ತಡೆಯುವ ಕೆಲಸ ಶಿಕ್ಷಕರ ಮೇಲೇ ಬಿದ್ದಿದೆ. ಫ್ರಿಜ್ಜಿನ ತುಂಬ ಸತ್ತ ಕೋಳಿಮರಿಗಳು, ವರ್ಷದ ಅಷ್ಟೂ ದಿನ ಆರೈಕೆ, ಪಾದಕ್ಕೆ ತಗಲುವ ಸೋಂಕು, ಶ್ವಾಸಕೋಶಕ್ಕೆ ಹತ್ತುವ ಬೂಷ್ಟು, ಗರಿ ಉದುರಿಸುವ ತಿಂಗಳುಗಳಲ್ಲಿ ಹಾರಾಟವಿಲ್ಲದೆ ಹೊಟ್ಟೆತುಂಬ ತಿಂದು ಪಂಜರದಲ್ಲಿ ವಿಶ್ರಮಿಸುವ ಹಕ್ಕಿ. ಇದನ್ನೆಲ್ಲ ಒಂದೇ ದಿನದಲ್ಲಿ ತೋರಿಸಿದರೆ, ಗಿಡುಗ ಸಾಕುವ ಆಸೆ ಹೊತ್ತು ಬಂದ ಹತ್ತರಲ್ಲಿ ಒಂಬತ್ತು ಮಂದಿ ಆಸೆ ಬಿಟ್ಟು ಹೋಗಬೇಕು. ಹಾಗೆ ಬಿಟ್ಟು ಹೋದರೆ ಪಾಠ ಗೆದ್ದಂತೆ.

ಕನ್ನಡಿಗರಲ್ಲಿ ಹೆಚ್ಚಿನವರು ಇಂಥ ಹಕ್ಕಿಯನ್ನು ಹತ್ತಿರದಿಂದ ಕಾಣುವುದು ಐರ್ಲೆಂಡಿನಲ್ಲಲ್ಲ, ದುಬೈನಲ್ಲಿ. ಮರುಭೂಮಿ ಸಫಾರಿಯ ಬಿಡಾರದಲ್ಲಿ ಒಬ್ಬಾತ ಕುಲಾವಿ ಹಾಕಿದ ಡೇಗೆಯನ್ನು ಹಿಡಿದು ನಿಂತಿರುತ್ತಾನೆ. ದುಡ್ಡು ಕೊಟ್ಟವರ ಕೈಗೆ ಅದನ್ನು ದಾಟಿಸುತ್ತಾನೆ, ಫೋಟೋ ತೆಗೆದಾದ ಮೇಲೆ ಮುಂದಿನವರ ಕೈಗೆ. ಕುಲಾವಿಯೇ ತಪ್ಪೆಂದಲ್ಲ. ಕಣ್ಣಿಗೆ ಕಾಣದ್ದಕ್ಕೆ ಹಕ್ಕಿ ಬೆದರುವುದಿಲ್ಲ ಎಂಬ ಈ ಉಪಾಯವನ್ನು ಹದಿಮೂರನೆಯ ಶತಮಾನದ ಚಕ್ರವರ್ತಿ ಎರಡನೆಯ ಫ್ರೆಡರಿಕ್ ಅರಬರಿಂದ ಕಲಿತು ತನ್ನ ಗ್ರಂಥದಲ್ಲಿ ದಾಖಲಿಸಿದ್ದ. ತಪ್ಪಿರುವುದು ವ್ಯವಹಾರದಲ್ಲಿ. ಅಲ್ಲಿ ಹಕ್ಕಿ ಹಾರುವುದೇ ಇಲ್ಲ. ಬರಲೊಲ್ಲೆ ಎನ್ನಲು ಅದಕ್ಕೆ ಅವಕಾಶವಿಲ್ಲ. ಹಿಡಿದವರಿಗೂ ಒಂದು ಚಿತ್ರದ ಹೊರತು ಏನೂ ದಕ್ಕುವುದಿಲ್ಲ. ಸಂಜೆಯಿಡೀ ಕೈಯಿಂದ ಕೈಗೆ ಸಾಗುವ ಆ ಡೇಗೆಗೆ ದುಡ್ಡು ಕೊಡದಿರುವುದೇ ಸರಿ.

ಅದೇ ನಾಡಿನಲ್ಲಿ ಅದಕ್ಕಿಂತ ಸಾವಿರ ಪಾಲು ಮೇಲಾದ ಒಂದು ದಿನದ ಭೇಟಿ ಸಾಧ್ಯ. ಅಬುಧಾಬಿಯಲ್ಲಿ 1999ರಲ್ಲಿ ಶುರುವಾದ ಡೇಗೆ ಆಸ್ಪತ್ರೆ ಪ್ರವಾಸಿಗರಿಗೂ ಬಾಗಿಲು ತೆರೆದಿದೆ. ಕಾಯುವ ಕೋಣೆಯಲ್ಲಿ ಮನುಷ್ಯರ ಸಾಲಿನಂತೆಯೇ ಡೇಗೆಗಳ ಸಾಲು. ಒಳಗೆ ವೈದ್ಯರು ಮುರಿದ ಗರಿಗೆ ಬೇರೆ ಗರಿ ಜೋಡಿಸುವುದನ್ನು ನೋಡಬಹುದು: ಹಿಂದೆ ಉದುರಿದ ಗರಿಗಳನ್ನು ಜಾತಿ, ಬಣ್ಣ, ಉದ್ದದ ಪ್ರಕಾರ ಎತ್ತಿಟ್ಟಿರುತ್ತಾರೆ, ಮುರಿದ ಗರಿಯ ಟೊಳ್ಳು ದಂಟಿನೊಳಗೆ ಸಣ್ಣ ಕಡ್ಡಿ ತೂರಿಸಿ, ಅದಕ್ಕೆ ಹೊಂದುವ ಗರಿಯನ್ನು ಅಂಟಿಸುತ್ತಾರೆ. ಮುಂದಿನ ಗರಿ ಉದುರುವ ಕಾಲದವರೆಗೆ ಹಕ್ಕಿ ಅದರಲ್ಲೇ ಹಾರುತ್ತದೆ. ನೂರಾರು ವರ್ಷ ಹಳೆಯದಾದ ಈ ಕೈಚಳಕ ಇಂದಿಗೂ ಬದಲಾಗಿಲ್ಲ. ಫಾಲ್ಕನ್ರಿಯನ್ನು ಯುನೆಸ್ಕೊ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮುಂದಾಳತ್ವ ವಹಿಸಿದ್ದೂ ಸಂಯುಕ್ತ ಅರಬ್ ಎಮಿರೇಟ್ಸೇ.

ಇಷ್ಟೆಲ್ಲ ಇದ್ದರೂ ಇದು ಉಳ್ಳವರ ಆಟವಲ್ಲವೇ, ಉಳಿದವರಿಗೆ ಇದರಿಂದ ಏನು ಎಂದು ಕೇಳುವವರಿಗೆ ಕೊಡಬೇಕಾದ ಉತ್ತರ ಈ ವಾದದ ಅತ್ಯಂತ ಬಲವಾದ ಭಾಗ. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಎಂಬ ಕೀಟನಾಶಕ ಎಲ್ಲೆಡೆ ಹರಡಿತು. ಅದು ಹರಡಿದಲ್ಲಿಂದ ಡೇಗೆಗಳ ಮೊಟ್ಟೆಯ ಚಿಪ್ಪು ತೆಳುವಾಗಿ ಕಾವು ಕೂತಾಗಲೇ ಒಡೆಯುತ್ತಿದೆ ಎಂಬುದನ್ನು ಬ್ರಿಟನ್ನಿನ ಡೆರೆಕ್ ರ್‍ಯಾಟ್‌ಕ್ಲಿಫ್ 1967ರಲ್ಲಿ ತೋರಿಸಿಕೊಟ್ಟರು. ಅಷ್ಟರಲ್ಲಿ ಅಮೆರಿಕದ ಪೂರ್ವಭಾಗದಲ್ಲಿ ಪೆರಿಗ್ರಿನ್ ಡೇಗೆ ಗೂಡು ಕಟ್ಟುವುದೇ ನಿಂತುಹೋಗಿತ್ತು. ಸ್ವತಃ ಫಾಲ್ಕನರ್ ಆಗಿದ್ದ ವಿಜ್ಞಾನಿ ಟಾಮ್ ಕೇಡ್ 1970ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪೆರಿಗ್ರಿನ್ ಫಂಡ್ ಕಟ್ಟಿದರು. ಮರಿ ಮಾಡಿಸಲು ತಮ್ಮ ಹಕ್ಕಿಗಳನ್ನು ಕೊಟ್ಟವರು ಹವ್ಯಾಸಿ ಫಾಲ್ಕನರುಗಳು. ಹುಟ್ಟಿದ ಮರಿಗಳನ್ನು ಕಾಡಿಗೆ ಬಿಟ್ಟದ್ದೂ ಅವರ ಹಳೆಯ ವಿಧಾನದಿಂದಲೇ. ಮರಿಗಳನ್ನು ಎತ್ತರದ ಪೆಟ್ಟಿಗೆಯಲ್ಲಿಟ್ಟು, ಮನುಷ್ಯರು ಕಣ್ಣಿಗೆ ಬೀಳದಂತೆ ಆಹಾರ ಕೊಟ್ಟು, ರೆಕ್ಕೆ ಬಲಿತಾಗ ಬಾಗಿಲು ತೆರೆದು, ಬೇಟೆ ಕಲಿಯುವವರೆಗೆ ಅದೇ ಜಾಗದಲ್ಲಿ ಊಟ ಒದಗಿಸುತ್ತ ಹೋಗುವುದು. ಡಿಡಿಟಿಯನ್ನು ಅಮೆರಿಕ 1972ರಲ್ಲಿ ನಿಷೇಧಿಸಿತ್ತು. 1999ರಲ್ಲಿ ಪೆರಿಗ್ರಿನ್ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು. 1974ರಲ್ಲಿ ಕಾಡಿನಲ್ಲಿ ಬರೀ ನಾಲ್ಕು ಉಳಿದಿವೆಯೆಂದು ಗೊತ್ತಾಗಿದ್ದ ಮಾರಿಷಸ್ ಚಾಣಗಳು ಬದುಕುಳಿದದ್ದರಲ್ಲೂ ಇದೇ ವಿದ್ಯೆಯ ಪಾಲಿದೆ.

ಆ ಪೆರಿಗ್ರಿನ್ ಫಂಡ್‌ನ ಕೆಲಸ ಕರ್ನಾಟಕದ ಬಂಡೆಗಳವರೆಗೂ ಬಂದು ಮುಟ್ಟಿದೆ. ಭಾರತ ಉಪಖಂಡದ ರಣಹದ್ದುಗಳು ತೊಂಬತ್ತರ ದಶಕದಲ್ಲಿ ಲಕ್ಷಗಟ್ಟಲೆ ಸಾಯತೊಡಗಿದಾಗ ಕಾರಣ ಯಾರಿಗೂ ತಿಳಿದಿರಲಿಲ್ಲ. ಪೆರಿಗ್ರಿನ್ ಫಂಡ್ ಪಾಕಿಸ್ತಾನದಲ್ಲಿ ನಡೆಸಿದ ಅಧ್ಯಯನದಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು, ದನಗಳಿಗೆ ಕೊಡುವ ಡೈಕ್ಲೊಫೆನಾಕ್ ಎಂಬ ನೋವು ನಿವಾರಕವೇ ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಹಾಳುಮಾಡುತ್ತಿದೆ ಎಂದು 2004ರಲ್ಲಿ ಸಾಬೀತುಪಡಿಸಿದರು. ಭಾರತ 2006ರಲ್ಲಿ ಅದರ ಪಶುವೈದ್ಯಕೀಯ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು. ಈ ಕೆಲಸದಲ್ಲಿ ಪಾಠ ಹೇಳುವ ಕೇಂದ್ರಗಳ ಪಾಲೂ ಇದೆ: ಇಂಗ್ಲೆಂಡಿನ ನ್ಯೂಯೆಂಟ್‌ನಲ್ಲಿ 1967ರಲ್ಲಿ ಫಿಲಿಪ್ ಗ್ಲೇಸಿಯರ್ ಆರಂಭಿಸಿದ ಬೇಟೆಹಕ್ಕಿಗಳ ಕೇಂದ್ರ ಇಂದಿಗೂ ಸಂದರ್ಶಕರಿಗೆ ಗಿಡುಗ ಹಾರಿಸುವ ಪಾಠ ಹೇಳುತ್ತದೆ. ಏಷ್ಯಾದ ರಣಹದ್ದುಗಳನ್ನು ಉಳಿಸಲು ಕೂಡಿದ ‘ಸೇವ್’ ಒಕ್ಕೂಟದಲ್ಲೂ ಅದು ಪಾಲುದಾರ. ಪ್ರವಾಸಿಗಳು ಟಿಕೆಟಿಗೆ ಕೊಡುವ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ಇಂಥ ಉತ್ತರವಿರುವ ಕೇಂದ್ರಗಳನ್ನೇ ಹುಡುಕಿಕೊಂಡು ಹೋಗಬೇಕು.

ಹಾಗಾದರೆ ಬೆಂಗಳೂರಿನ ಹೊರವಲಯದಲ್ಲೇ ಇಂಥದೊಂದು ಶಾಲೆ ಏಕಿರಬಾರದು? ನಮ್ಮಲ್ಲಿ ಪರಂಪರೆಗೇನೂ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಶ್ಯೇನವಿನೋದಕ್ಕೂ, ಅಂದರೆ ಗಿಡುಗದ ಬೇಟೆಗೂ, ಒಂದು ಭಾಗ ಮೀಸಲಾಗಿದೆ. ಇಂದಿನ ಬಸವಕಲ್ಯಾಣದ ಬಯಲುಗಳಲ್ಲಿ ಸುಮಾರು ಒಂಬೈನೂರು ವರ್ಷಗಳ ಹಿಂದೆ ಡೇಗೆಗಳು ಅರಸರ ಕೈಯಿಂದ ಹಾರುತ್ತಿದ್ದವು. ಆದರೂ ಉತ್ತರ ಬೇಡ ಎಂದೇ ಆಗಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಗಿಡುಗ, ಡೇಗೆಗಳನ್ನು ಕಾಡಿನಿಂದ ಹಿಡಿಯುವುದೂ ಬೇಟೆಯೇ, ಅಪರಾಧವೇ. ಯುರೋಪಿನ ಕೇಂದ್ರಗಳ ಹಕ್ಕಿಗಳು ತಲೆಮಾರುಗಳಿಂದ ಸಾಕಣೆಯಲ್ಲೇ ಹುಟ್ಟಿದವು, ಕಾಲಿನ ಉಂಗುರದಿಂದ ಅವುಗಳ ಮೂಲ ಪತ್ತೆ ಹಚ್ಚಬಹುದು. ನಮ್ಮಲ್ಲಿ ಆ ವ್ಯವಸ್ಥೆಯಿಲ್ಲ. ಗಿಳಿ, ಮುನಿಯಗಳನ್ನು ಇಂದಿಗೂ ಬಲೆ ಹಾಕಿ ಹಿಡಿದು ಕದ್ದು ಮಾರುವ ದೇಶದಲ್ಲಿ ಡೇಗೆಗೆ ಬೇಡಿಕೆ ಹುಟ್ಟಿಸಿದರೆ ಮೊದಲು ಬರಿದಾಗುವುದು ಬೆಟ್ಟದ ಬಂಡೆಗಳ ಮೇಲಿನ ಗೂಡುಗಳು.

ಕಲಿತದ್ದಕ್ಕೆ ಇಲ್ಲಿ ಬೇರೆ ಉಪಯೋಗವಿದೆ. ಬೆಂಗಳೂರಿನಲ್ಲಿ ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ಕೆಂಗೇರಿಯ ವನ್ಯಜೀವಿ ಆಸ್ಪತ್ರೆಯಂಥ ಕಡೆ ಚಿಕಿತ್ಸೆಗೆ ಬರುತ್ತಲೇ ಇರುತ್ತವೆ. ಗಾಯ ಮಾಯ್ದ ಮೇಲೂ ಹದ್ದಿಗೆ ಹಾರುವ ಶಕ್ತಿ ಮರಳಿದೆಯೇ ಎಂದು ತಿಳಿಯಬೇಕು. ಉದ್ದ ದಾರ ಕಟ್ಟಿ ಹಾರಿಸಿ ಸ್ನಾಯುಗಳಿಗೆ ವ್ಯಾಯಾಮ ಕೊಡುವುದು, ಎದೆ ಮುಟ್ಟಿ ಪುಷ್ಟಿ ಅಳೆಯುವುದು, ಮುರಿದ ಗರಿ ಜೋಡಿಸುವುದು, ಹೆದರಿದ ಹಕ್ಕಿಯನ್ನು ನೋಯಿಸದೆ ಹಿಡಿಯುವುದು, ಇವೆಲ್ಲ ಫಾಲ್ಕನ್ರಿಯಿಂದಲೇ ಬಂದ ಕೌಶಲಗಳು. ನಮ್ಮ ಪಶುವೈದ್ಯ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ನ್ಯೂಯೆಂಟ್‌ಗೋ ಅಬುಧಾಬಿಗೋ ಹೋಗಿ ಕೆಲವು ವಾರ ಕಲಿತು ಬರುವಂತಾದರೆ ಚೆನ್ನ.

ಉಳಿದವರಿಗೆ, ರಜೆಯಲ್ಲಿ ಮಗಳನ್ನೋ ಅಣ್ಣನನ್ನೋ ನೋಡಲು ಐರ್ಲೆಂಡಿಗೆ, ಇಂಗ್ಲೆಂಡಿಗೆ ಹೋಗುವವರಿಗೆ, ಒಂದು ದಿನ ಸಾಕು. ಹಕ್ಕಿಗಳು ಎಲ್ಲಿ ಹುಟ್ಟಿದವು, ದಿನಕ್ಕೆ ಎಷ್ಟು ಸಲ ಹಾರಿಸುತ್ತೀರಿ, ಕೆಲಸವಿಲ್ಲದ ಹೊತ್ತಿನಲ್ಲಿ ಕಟ್ಟಿಹಾಕುತ್ತೀರೋ ದೊಡ್ಡ ಪಂಜರದಲ್ಲಿ ಬಿಡುತ್ತೀರೋ, ಬಿರುಗಾಳಿಯ ದಿನ ಏನು ಮಾಡುತ್ತೀರಿ ಎಂದು ಮುಂಗಡ ಕಾಯ್ದಿರಿಸುವ ಮೊದಲೇ ಫೋನಿನಲ್ಲಿ ಕೇಳಬೇಕು. ಗಾಳಿ ಜೋರಾಗಿದ್ದರೆ ಹಾರಿಸುವುದಿಲ್ಲ, ಹಣ ಮರಳಿಸುತ್ತೇವೆ ಅಥವಾ ಇನ್ನೊಂದು ದಿನ ಬನ್ನಿ ಎಂದು ಹೇಳುವ ಕೇಂದ್ರವನ್ನು ಆರಿಸಿಕೊಂಡು, ಪ್ರವಾಸದ ಪಟ್ಟಿಯಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡೇ ಹೊರಡಬೇಕು.